ಮೊದಲು ಗುಂಪು, ಆಮೇಲೆ ಹಳದಿ: ಬಿಲ್ಲುಗಾರಿಕೆಯಲ್ಲಿ ಫಾರ್ಮ್ ಗಟ್ಟಿ ಮಾಡಿಕೊಳ್ಳುವ ಬಗೆ

ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಗೆ ಹೋದವರಿಗೆಲ್ಲ ಆ ಕಥೆ ಗೊತ್ತು. ಕಾಡಿಗೆ ಬಂದ ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗಲಿಲ್ಲ. ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು. ಅಲ್ಲಿ ಒಂದೇ ಬಾಣ ಸಾಕಾಯಿತು. ಇವತ್ತಿನ ಸ್ಪರ್ಧೆಯಲ್ಲಿ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು ಹಿಡಿದವರು 70 ಮೀಟರ್ ದೂರಕ್ಕೆ 72 ಬಾಣ ಬಿಡಬೇಕು. ಮೊದಲನೆಯದು ಹೇಗೆ ಹೊರಟಿತೋ ಕೊನೆಯದೂ ಹಾಗೇ ಹೊರಡಬೇಕು. ಒಂದು ಹತ್ತು, ಅಂದರೆ ಟಾರ್ಗೆಟ್ ಹಾಳೆಯ ನಡುವಿನ ಹಳದಿಯಲ್ಲಿ ಸಿಗುವ ಪೂರ್ತಿ ಅಂಕ, ಯಾರಿಗಾದರೂ ಬೀಳುತ್ತದೆ. ಅದನ್ನೇ ಮತ್ತೆ ಬೀಳಿಸುವುದು ಕಷ್ಟ.

ಈ ಬರಹ ಇವತ್ತೇ ಬಿಲ್ಲು ಮುಟ್ಟುವವರಿಗಲ್ಲ. ಒಂದಷ್ಟು ತಿಂಗಳು ಕಲಿತಿದ್ದೀರಿ, ಒಂದು ದಿನ ಚೆನ್ನಾಗಿ ಬೀಳುತ್ತದೆ, ಮರುದಿನ ಯಾಕೋ ಚೆಲ್ಲಾಪಿಲ್ಲಿ ಆಗುತ್ತದೆ. ಅಂಥವರಿಗಾಗಿ ಬರೆದಿದ್ದೇನೆ. ಹೆಚ್ಚಾಗಿ ರಿಕರ್ವ್ ಬಗ್ಗೆ ಹೇಳುತ್ತೇನೆ, ಆದರೆ ಇಂಡಿಯನ್ ರೌಂಡ್ ಸ್ಪರ್ಧೆಯ ಮರದ ಬಿಲ್ಲಿಗೂ ಬಹುಪಾಲು ಹೊಂದುತ್ತದೆ. ಎಡ ಬಲ ಅಂದಾಗಲೆಲ್ಲ ಬಲಗೈಯಲ್ಲಿ ಹೆದೆ ಎಳೆಯುವವರ ಲೆಕ್ಕ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಒಂದು ಮಿಲಿಮೀಟರಿನ ಲೆಕ್ಕ

ಹೆದೆ ಪೂರ್ತಿ ಎಳೆದಾಗ ಬಾಣದ ಹಿಂತುದಿಯಿಂದ ಬಿಲ್ಲಿಗೆ ಹೆಚ್ಚುಕಡಿಮೆ 70 ಸೆಂ.ಮೀ. ಟಾರ್ಗೆಟ್ ಇರುವುದು 70 ಮೀಟರ್ ಆಚೆ. ಅಂದರೆ ನೂರು ಪಟ್ಟು. ಗದ್ದದ ಕೆಳಗೆ ಕೈ ಕೂರುವ ಜಾಗ ಒಂದು ಮಿ.ಮೀ. ಸರಿದರೆ ಅಲ್ಲಿ ಬಾಣ ಸುಮಾರು 10 ಸೆಂ.ಮೀ. ಸರಿಯುತ್ತದೆ. 122 ಸೆಂ.ಮೀ. ಹಾಳೆಯಲ್ಲಿ ಹತ್ತರ ವೃತ್ತದ ಅಗಲ 12.2 ಸೆಂ.ಮೀ. ನಡುವಿನಿಂದ ಅಂಚಿಗೆ 6.1 ಮಾತ್ರ. ಹತ್ತು ಹೋಗಿ ಒಂಬತ್ತಾಗಲು ಒಂದೇ ಮಿಲಿಮೀಟರ್ ಸಾಕು. 18 ಮೀಟರಿನ ಒಳಾಂಗಣದಲ್ಲೂ ಕಥೆ ಬೇರೆಯಲ್ಲ. ಬಾಣ ಸರಿಯುವುದು ಎರಡೂವರೆ ಸೆಂ.ಮೀ., ಆದರೆ 40 ಸೆಂ.ಮೀ. ಹಾಳೆಯ ಹತ್ತು ಬರೀ 4 ಸೆಂ.ಮೀ. ಅಗಲ.

ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ಬಾಣ ತಪ್ಪಿದಾಗ ಹೆಚ್ಚಿನವರು ಕಣ್ಣನ್ನು ದೂರುತ್ತಾರೆ. ಇನ್ನೂ ಗಟ್ಟಿಯಾಗಿ ಗುರಿ ಹಿಡಿಯಲು ಹೋಗುತ್ತಾರೆ. ಸೈಟ್ (ಬಿಲ್ಲಿನ ಮೇಲಿನ ಗುರಿ ನೋಡುವ ಸಾಧನ) ಹಳದಿಯ ಮೇಲೆ ಸ್ವಲ್ಪ ತೇಲಾಡಿದರೂ ನಷ್ಟ ಕಡಿಮೆ. ಕೈ, ಭುಜ, ಗದ್ದ ಪ್ರತಿ ಸಲ ಬೇರೆ ಜಾಗದಲ್ಲಿ ಕೂತರೆ ನಷ್ಟ ಜಾಸ್ತಿ.

ಇನ್ನೊಂದು ಮಾತು. 2019ರಲ್ಲಿ ಲಿಮಾದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಅಮೆರಿಕದ ಬ್ರೇಡಿ ಎಲಿಸನ್ 720ಕ್ಕೆ 702 ಹೊಡೆದು ವಿಶ್ವದಾಖಲೆ ಮಾಡಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊರಿಯಾದ ಲಿಮ್ ಸಿ-ಹ್ಯೊನ್ 694 ಹೊಡೆದು ಮಹಿಳೆಯರ ದಾಖಲೆ ಬರೆದರು. ದಾಖಲೆ ಮಾಡಿದ ದಿನವೂ ಒಬ್ಬರು 18, ಇನ್ನೊಬ್ಬರು 26 ಅಂಕ ಬಿಟ್ಟಿದ್ದಾರೆ. ಒಂಬತ್ತು ಬಿದ್ದಿತು ಅಂತ ಫಾರ್ಮ್ (ನಿಲ್ಲುವ, ಎಳೆಯುವ, ಬಿಡುವ ಕ್ರಮ) ಬದಲಿಸಲು ಹೊರಡಬೇಡಿ.

ಮೊದಲ ಹೆಜ್ಜೆ: ಬಿಲ್ಲಿನ ಪೌಂಡ್ ಇಳಿಸಿ

ಇದನ್ನೇ ಜಾಸ್ತಿ ಹೇಳಬೇಕು. ಯಾಕಂದರೆ ಇದನ್ನೇ ಯಾರೂ ಕೇಳುವುದಿಲ್ಲ. ಇಬ್ಬರು ಬಿಲ್ಲುಗಾರರು ಸಿಕ್ಕರೆ ಮೊದಲ ಪ್ರಶ್ನೆ ‘ನಿಂದು ಎಷ್ಟು ಪೌಂಡ್?’ ಅಂತ. ಅಂದರೆ ಹೆದೆ ಎಳೆಯಲು ಎಷ್ಟು ಬಲ ಬೇಕು ಅಂತ. ಹುಡುಗರಲ್ಲಂತೂ ಅದು ಗಂಡಸ್ತನದ ಅಳತೆಯೇ ಆಗಿಬಿಟ್ಟಿದೆ. ಭಾರದ ಬಿಲ್ಲು ಹಿಡಿದ ಮೈ ಫಾರ್ಮ್ ಕಲಿಯುವುದಿಲ್ಲ. ಹೇಗಾದರೂ ಎಳೆದು ಬಿಟ್ಟರೆ ಸಾಕು ಅನ್ನುವುದನ್ನೇ ಕಲಿಯುತ್ತದೆ.

ಬಿಲ್ಲು ನಿಮಗೆ ಭಾರ ಅಂತ ತಿಳಿಯುವುದು ಸುಲಭ. ಎಳೆಯುವಾಗ ಸೊಂಟ ಮುಂದಕ್ಕೆ ಹೋಗಿ ಬೆನ್ನು ಹಿಂದಕ್ಕೆ ವಾಲುತ್ತದೆ. ಬಿಲ್ಲು ಹಿಡಿದ ಭುಜ ಕಿವಿಯ ಕಡೆ ಏರುತ್ತದೆ. ಹೆದೆ ಮುಖಕ್ಕೆ ಬರುವ ಬದಲು ಮುಖವೇ ಹೆದೆಯ ಕಡೆ ಹೋಗುತ್ತದೆ. ಗದ್ದಕ್ಕೆ ಕೈ ತಾಗಿದ ಕೂಡಲೇ ಬಿಟ್ಟುಬಿಡಬೇಕು ಅನ್ನಿಸುತ್ತದೆ.

ನಾನು ಹೇಳುವ ಪರೀಕ್ಷೆ ಹೀಗೆ. ಟಾರ್ಗೆಟ್ ಎದುರು ನಿಂತು, ಬಾಣ ಹೂಡಿ, ಪೂರ್ತಿ ಎಳೆದು 15 ಸೆಕೆಂಡ್ ಹಿಡಿಯಿರಿ. ಬಾಣ ಬಿಡದೆ ನಿಧಾನವಾಗಿ ಇಳಿಸಿ. 30 ಸೆಕೆಂಡ್ ಬಿಡುವು. ಹೀಗೆ ಹತ್ತು ಸಲ. ಕೊನೆಯ ಸಲವೂ ಭುಜ ಏರದೆ, ಕೈ ಜೋರಾಗಿ ನಡುಗದೆ ಇದ್ದರೆ ಬಿಲ್ಲು ನಿಮ್ಮ ಅಳತೆಯದು. ಇಲ್ಲದಿದ್ದರೆ ಹಗುರ ಲಿಂಬ್ (ಬಿಲ್ಲಿನ ಬಾಗುವ ತೋಳು) ಹಾಕಿ. ಕಲಿಯುವ ಮಕ್ಕಳಿಗೆ 14ರಿಂದ 18 ಪೌಂಡ್, ದೊಡ್ಡವರಿಗೆ 20ರಿಂದ 24 ಪೌಂಡ್ ಆರಂಭಕ್ಕೆ ಧಾರಾಳ ಸಾಕು. ಏರಿಸುವಾಗ ಒಂದು ಸಲಕ್ಕೆ ಎರಡು ಪೌಂಡ್ ಮಾತ್ರ.

ಲಿಂಬ್ ಮೇಲೆ ಬರೆದ ಸಂಖ್ಯೆ 28 ಇಂಚು ಎಳೆದಾಗಿನದು. ನೀವು ಅದಕ್ಕಿಂತ ಕಡಿಮೆ ಎಳೆದರೆ ಇಂಚಿಗೆ ಸುಮಾರು ಎರಡು ಪೌಂಡ್ ಇಳಿಯುತ್ತದೆ, ಜಾಸ್ತಿ ಎಳೆದರೆ ಏರುತ್ತದೆ. ನಿಜವಾಗಿ ಎಷ್ಟು ಎಳೆಯುತ್ತಿದ್ದೀರಿ ಅಂತ ನೋಡಲು ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಸಾಕು. ಅದನ್ನು ಹೆದೆಗೆ ಸಿಕ್ಕಿಸಿ ನಿಮ್ಮ ಅಳತೆಯವರೆಗೆ ಎಳೆಯಿರಿ. ಬಂದ ಕಿಲೋವನ್ನು 2.2ರಿಂದ ಗುಣಿಸಿ.

ಎರಡನೆಯದು: ಹಾಳೆ ತೆಗೆದು, ಹತ್ತಿರ ನಿಂತು

ಮೂರರಿಂದ ಐದು ಮೀಟರ್ ದೂರದಲ್ಲಿ ನಿಲ್ಲಿ. ಟಾರ್ಗೆಟ್ ಮೇಲೆ ಬಣ್ಣದ ಹಾಳೆ ಬೇಡ. ಗುರಿಯೇ ಇಲ್ಲದಿದ್ದರೆ ಮನಸ್ಸು ಮೈಯ ಕಡೆ ಬರುತ್ತದೆ. ಮೈದಾನಕ್ಕೆ ಹೋಗಲಾಗದ ದಿನ ಮನೆಯಲ್ಲೇ ಮಾಡಬಹುದು. ಗೋಣಿ ಚೀಲಕ್ಕೆ ಹಳೆ ಸೀರೆ, ಬಟ್ಟೆ ಗಿಡಿದು ತುಂಬಿದರೆ ಹಗುರ ಬಿಲ್ಲಿಗೆ ಒಳ್ಳೆಯ ಟಾರ್ಗೆಟ್ ಆಗುತ್ತದೆ. ಗುಂಡಿ, ಜಿಪ್ಪು, ಹುಕ್ಕುಗಳನ್ನು ಕಿತ್ತು ಹಾಕಿ, ಇಲ್ಲದಿದ್ದರೆ ಬಾಣ ಹಾಳು. ಹಿಂದೆ ಗಟ್ಟಿ ಗೋಡೆ ಇರಲೇಬೇಕು. ಪಕ್ಕದಲ್ಲಿ ಬಾಗಿಲು ಇರಬಾರದು. ತೆಂಗಿನ ತೋಟ, ಅಡಿಕೆ ತೋಟ ಖಾಲಿ ಇದೆಯಲ್ಲ ಅಂತ ಅಲ್ಲಿ ಹೊಡೆಯಬೇಡಿ. ಮರಕ್ಕೆ ತಾಗಿದ ಬಾಣ ಯಾವ ಕಡೆ ಹಾರುತ್ತದೋ ಹೇಳಲಾಗದು. ತೋಟದಲ್ಲಿ ಯಾವಾಗ ಯಾರು ಅಡ್ಡ ಬರುತ್ತಾರೋ ಅದೂ ಗೊತ್ತಾಗದು.

ಇಲ್ಲಿ ಒಂದು ಬಾಣಕ್ಕೆ ಒಂದೇ ವಿಷಯ. ಹತ್ತು ಬಾಣ ಗ್ರಿಪ್ (ಬಿಲ್ಲಿನ ಹಿಡಿ) ಮೇಲೆ ಗಮನ, ಮುಂದಿನ ಹತ್ತು ಬೆರಳಿನ ಮೇಲೆ. ಎಲ್ಲವನ್ನೂ ಒಟ್ಟಿಗೆ ಸರಿ ಮಾಡಲು ಹೋದರೆ ಯಾವುದೂ ಆಗುವುದಿಲ್ಲ.

ಮೂರನೆಯದು: ಒಂದೊಂದೇ ಅಂಗ

*ಪಾದ.* ಗೆರೆಯ ಎರಡೂ ಕಡೆ ಒಂದೊಂದು ಪಾದ, ಭುಜದಷ್ಟು ಅಗಲ. ತೂಕ ಎರಡೂ ಪಾದಗಳ ಮೇಲೆ ಸಮ, ಹಿಮ್ಮಡಿಗಿಂತ ಮುಂಗಾಲಿಗೆ ತುಸು ಜಾಸ್ತಿ. ಪಾದ ಇಟ್ಟ ಜಾಗವನ್ನು ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಗುರುತು ಮಾಡಿಕೊಳ್ಳಿ. ಬಾಣ ಕಿತ್ತು ತಂದ ಮೇಲೆ ಅದೇ ಗುರುತಿನ ಮೇಲೆ ನಿಲ್ಲಿ. ಇಷ್ಟೇ.

*ಬಿಲ್ಲು ಹಿಡಿಯುವ ಕೈ.* ಅಂಗೈಯ ನಡುವೆ ಓಡುವ ಆಯುಷ್ಯ ರೇಖೆ ಇದೆಯಲ್ಲ, ಅದರ ಹೆಬ್ಬೆರಳಿನ ಕಡೆಯ ದಿಂಡಿನ ಮೇಲೆ ಬಿಲ್ಲಿನ ಒತ್ತಡ ಬರಬೇಕು. ಕಿರುಬೆರಳ ಕಡೆಯ ಅಂಗೈ ಗ್ರಿಪ್‌ಗೆ ತಾಗಬಾರದು. ಗೆಣ್ಣುಗಳು ನೆಲಕ್ಕೆ ಸುಮಾರು 45 ಡಿಗ್ರಿ ಓರೆಯಾಗಿರಲಿ. ಮುಖ್ಯವಾದ ಮಾತು, ಬಿಲ್ಲನ್ನು ಹಿಡಿಯಬೇಡಿ. ಬೆರಳು ಬಿಗಿದರೆ ಬಾಣ ಹೊರಡುವಾಗ ಬಿಲ್ಲು ತಿರುಗುತ್ತದೆ, ಬಾಣ ಎಡಕ್ಕೋ ಬಲಕ್ಕೋ ಚದುರುತ್ತದೆ. ಬಿಲ್ಲು ಬಿದ್ದುಹೋಗುತ್ತದೆ ಅನ್ನುವ ಭಯವೇ ಬೆರಳನ್ನು ಬಿಗಿಸುವುದು. ಅದಕ್ಕೆ ಫಿಂಗರ್ ಸ್ಲಿಂಗ್ ಕಟ್ಟಿಕೊಳ್ಳಿ. ಕೊಳ್ಳಲಾಗದಿದ್ದರೆ ಶೂ ಲೇಸ್‌ನ ಎರಡು ತುದಿಗೆ ಕುಣಿಕೆ ಹಾಕಿ, ಒಂದು ಹೆಬ್ಬೆರಳಿಗೆ, ಇನ್ನೊಂದು ತೋರುಬೆರಳಿಗೆ. ಮೊಣಕೈಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಹಿಡಿದರೆ ಹೆದೆ ತೋಳಿಗೆ ಬಡಿಯುವುದೂ ನಿಲ್ಲುತ್ತದೆ.

*ಹೆದೆ ಎಳೆಯುವ ಬೆರಳು.* ಮೂರು ಬೆರಳು, ಮೊದಲ ಗೆಣ್ಣಿನ ಮಡಿಕೆಯಲ್ಲಿ ಅಥವಾ ಅದಕ್ಕಿಂತ ತುಸು ಒಳಗೆ. ಬೆರಳ ತುದಿಯಲ್ಲಿ ಎಳೆದರೆ ನೋವೂ ಜಾಸ್ತಿ, ಬಿಡುವಾಗ ಎಳೆದಾಟವೂ ಜಾಸ್ತಿ. ಭಾರ ಹೆಚ್ಚಾಗಿ ತೋರುಬೆರಳು ಮತ್ತು ನಡುಬೆರಳ ಮೇಲಿರಲಿ, ಉಂಗುರ ಬೆರಳು ಸುಮ್ನೆ ಜೊತೆಗಿರಲಿ. ತೋರುಬೆರಳು ಮತ್ತು ನಡುಬೆರಳು ಬಾಣದ ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ) ಅನ್ನು ಹಿಂಡಬಾರದು. ಅಂಗೈಯ ಹಿಂಭಾಗ ಚಪ್ಪಟೆಯಾಗಿ, ಮಣಿಕಟ್ಟು ಸಡಿಲವಾಗಿ ಇರಬೇಕು. ಮಣಿಕಟ್ಟು ಹೊರಕ್ಕೆ ಮಡಚಿದ್ದರೆ ನೀವು ತೋಳಿನಿಂದ ಎಳೆಯುತ್ತಿದ್ದೀರಿ ಅಂತ ಅರ್ಥ.

*ಭುಜ.* ಬಿಲ್ಲು ಎತ್ತುವಾಗಲೇ ಎಡಭುಜ ತಗ್ಗಿರಬೇಕು. ಮೇಲೆದ್ದ ಭುಜವನ್ನು ಎಳೆದ ಮೇಲೆ ಇಳಿಸಲು ಆಗುವುದಿಲ್ಲ. ಅದಕ್ಕೇ ಬಿಲ್ಲು ಎತ್ತುವ ಮೊದಲು ಒಂದು ಸಲ ಉಸಿರು ಬಿಟ್ಟು ಎರಡೂ ಭುಜಗಳನ್ನು ಇಳಿಸಿ, ಆಮೇಲೆ ಎತ್ತಿ.

*ಆಂಕರ್.* ಎಳೆದ ಕೈ ಮುಖಕ್ಕೆ ತಾಗಿ ನೆಲೆ ನಿಲ್ಲುವ ಜಾಗ ಇದು. ತೋರುಬೆರಳಿನ ಮೇಲ್ಭಾಗ ದವಡೆ ಮೂಳೆಯ ಕೆಳಗೆ ಒತ್ತಿ ಕೂರಬೇಕು. ಹೆದೆ ಗದ್ದಕ್ಕೆ ತಾಗಬೇಕು, ಹೆಚ್ಚಿನವರಿಗೆ ಮೂಗಿನ ತುದಿಗೂ ತಾಗುತ್ತದೆ. ಹೀಗೆ ಎರಡು ಮೂರು ಕಡೆ ತಾಗಿದರೆ ಮೇಲೆ ಹೇಳಿದ ಒಂದು ಮಿಲಿಮೀಟರ್ ನಿಮ್ಮ ಹಿಡಿತಕ್ಕೆ ಬರುತ್ತದೆ. ಹಲ್ಲು ಪ್ರತಿ ಸಲ ಒಂದೇ ರೀತಿ ಮುಚ್ಚಿರಲಿ. ಬಾಯಿ ಸ್ವಲ್ಪ ತೆರೆದರೂ ದವಡೆ ಇಳಿಯುತ್ತದೆ, ಕೈಯೂ ಇಳಿಯುತ್ತದೆ, ಬಾಣ ಮೇಲೆ ಹೋಗುತ್ತದೆ. ಒಂದು ಕಣ್ಣಿಗೆ ಮಸುಕಾಗಿ ಕಾಣುವ ಹೆದೆ ಸೈಟ್‌ನ ಪಕ್ಕದಲ್ಲಿ ಎಲ್ಲಿ ಕಾಣುತ್ತದೆ ಅಂತ ನೋಡಿಕೊಳ್ಳಿ. ಅದು ಪ್ರತಿ ಬಾಣಕ್ಕೂ ಅಲ್ಲೇ ಕಾಣಬೇಕು. ಎಡ ಬಲ ಚದುರುವವರಲ್ಲಿ ಅರ್ಧ ಜನ ಇದನ್ನು ಗಮನಿಸಿರುವುದೇ ಇಲ್ಲ.

*ಬೆನ್ನು.* ಆಂಕರ್‌ಗೆ ಬಂದ ಮೇಲೆ ಕೆಲಸ ಮುಗಿಯಲಿಲ್ಲ. ಅಲ್ಲಿ ನಿಂತು ಗುರಿ ನೋಡುತ್ತಾ ಕೂತರೆ ಎಳೆತ ತಿಳಿಯದ ಹಾಗೆ ಸಡಿಲವಾಗುತ್ತದೆ. ಬಾವಿಯಿಂದ ಹಗ್ಗ ಜಗ್ಗುವಾಗ ಮಧ್ಯೆ ಕೈ ನಿಲ್ಲಿಸಿದರೆ ಕೊಡ ಕೆಳಗೆ ಜಾರುವ ಹಾಗೆ. ಬಲ ಮೊಣಕೈಯನ್ನು ಬೆನ್ನ ಹಿಂದಕ್ಕೆ ಸುತ್ತಿಸುತ್ತಾ ಇರಿ. ಎಳೆತದ ಭಾರ ತೋಳಿನಿಂದ ಬೆನ್ನಿನ ಹಲಗೆ ಮೂಳೆಯ ಸುತ್ತಲಿನ ಸ್ನಾಯುಗಳಿಗೆ ಹೋಗಬೇಕು. ಹೊರಗಿನಿಂದ ನೋಡಿದವರಿಗೆ ಈ ಚಲನೆ ಕಾಣುವುದೇ ಇಲ್ಲ, ಒಳಗೆ ಮಾತ್ರ ನಡೆಯುತ್ತಿರುತ್ತದೆ. ಕ್ಲಿಕ್ಕರ್ (ಎಳೆತ ಅಳತೆಗೆ ಬಂದಾಗ ಸದ್ದು ಮಾಡುವ ಪಟ್ಟಿ) ಇದ್ದರೆ ಈ ಚಲನೆಯಲ್ಲೇ ಅದು ಬೀಳಬೇಕು. ಕೈಯನ್ನು ಜಗ್ಗಿ ಕ್ಲಿಕ್ಕರ್ ಬೀಳಿಸುವ ಅಭ್ಯಾಸ ಒಮ್ಮೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ಎಳೆತದ ಅಳತೆ ಸ್ಥಿರವಾಗುವವರೆಗೆ ಕ್ಲಿಕ್ಕರ್ ಹಾಕಲೇಬೇಡಿ ಅನ್ನುವುದು ನನ್ನ ಮಾತು.

*ಬಿಡುವುದು.* ಬೆರಳು ತೆರೆಯುವ ಕೆಲಸ ಮಾಡಬೇಡಿ. ಬೆರಳಿನ ಬಿಗಿ ಹೋದರೆ ಸಾಕು, ಹೆದೆ ತಾನೇ ಬೆರಳನ್ನು ತಳ್ಳಿಕೊಂಡು ಹೋಗುತ್ತದೆ. ಬೆನ್ನು ಎಳೆಯುತ್ತಿದ್ದರೆ ಕೈ ಕತ್ತಿಗೆ ಸವರಿಕೊಂಡು ಕಿವಿಯ ಹಿಂದಕ್ಕೆ ಬರುತ್ತದೆ. ಮುಖದಿಂದ ಹೊರಕ್ಕೆ ಚಿಮ್ಮಿದರೆ ಬೆನ್ನು ಮಧ್ಯೆ ಕೆಲಸ ಬಿಟ್ಟಿದೆ ಅಂತ ತಿಳಿಯಿರಿ. ಬಾಣ ಟಾರ್ಗೆಟ್‌ಗೆ ತಾಗುವವರೆಗೂ ಎಡಗೈ ಅಲ್ಲೇ ಇರಲಿ. ಎಲ್ಲಿ ಬಿತ್ತು ಅಂತ ನೋಡಲು ಬಿಲ್ಲು ಇಳಿಸುವ ಆತುರ ಎಲ್ಲರಿಗೂ ಇರುತ್ತದೆ. ಕೊನೆಗೆ ಆ ಆತುರ ಬಾಣ ಹೊರಡುವ ಮೊದಲೇ ಶುರುವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಫಾರ್ಮ್ ಅಂದರೆ ಎಲ್ಲರೂ ಒಂದೇ ಥರ ನಿಲ್ಲುವುದಲ್ಲ. ಜಮ್ಮು ಕಾಶ್ಮೀರದ ಶೀತಲ್ ದೇವಿಗೆ ತೋಳುಗಳೇ ಇಲ್ಲ. ಕಾಲಿನಲ್ಲಿ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆಯುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದಲ್ಲಿ ಕಂಚು ಗೆದ್ದರು. ಅವರು ಮಾಡುವ ಕ್ರಮ ಬೇರೆ, ಆದರೆ ಪ್ರತಿ ಸಲವೂ ಅದೇ ಕ್ರಮ. ನಿಮ್ಮ ಕತ್ತು, ದವಡೆ, ತೋಳಿನ ಉದ್ದಕ್ಕೆ ಹೊಂದುವುದನ್ನು ಕಂಡುಕೊಂಡು ಅದನ್ನೇ ಹಿಡಿದುಕೊಳ್ಳಿ.

ನಾಲ್ಕನೆಯದು: ಗುಂಪನ್ನು ಓದುವುದು

ಈಗ 18 ಮೀಟರಿಗೆ ಹೋಗಿ, ಹಾಳೆ ಅಂಟಿಸಿ. ಆದರೆ ಅಂಕ ಬರೆಯಬೇಡಿ. ಆರು ಬಾಣಗಳು ಎಷ್ಟು ಅಗಲದಲ್ಲಿ ಬಿದ್ದಿವೆ ಅಂತ ಮಾತ್ರ ನೋಡಿ. ನೀಲಿಯಲ್ಲಿ ಅಂಗೈಯಗಲಕ್ಕೆ ಆರೂ ಬಿದ್ದರೆ ಬಹಳ ಒಳ್ಳೆಯದು. ಸೈಟ್ ತಿರುಗಿಸಿದರೆ ಅದೇ ಗುಂಪು ಹಳದಿಗೆ ಬರುತ್ತದೆ. ಎರಡು ಹಳದಿ, ಎರಡು ಕೆಂಪು, ಎರಡು ಕಪ್ಪು ಬಿದ್ದರೆ ಅಂಕ ಜಾಸ್ತಿ ಕಾಣಬಹುದು, ಆದರೆ ಅದನ್ನು ಸೈಟ್‌ನಿಂದ ಸರಿ ಮಾಡಲಾಗದು.

ಸೈಟ್ ತಿರುಗಿಸುವ ನಿಯಮ ಸರಳ. ಬಾಣ ಹೋದ ಕಡೆಗೇ ಸೈಟ್ ಹೋಗಬೇಕು. ಬಾಣ ಎಡಕ್ಕೆ ಬಿದ್ದರೆ ಸೈಟ್ ಎಡಕ್ಕೆ, ಮೇಲೆ ಬಿದ್ದರೆ ಮೇಲಕ್ಕೆ. ಒಂದು ಬಾಣ ನೋಡಿ ತಿರುಗಿಸಬೇಡಿ, ಎರಡು ಮೂರು ಸುತ್ತು ಒಂದೇ ಕಡೆ ಬಿದ್ದರೆ ಮಾತ್ರ.

ಗುಂಪು ಉದ್ದಕ್ಕೆ, ಮೇಲೆ ಕೆಳಗೆ ಹರಡಿದ್ದರೆ ಆಂಕರ್, ಬೆರಳಿನ ಭಾರ, ಎಳೆತದ ಉದ್ದ ಮತ್ತು ಬಿದ್ದುಹೋಗುವ ಎಡಗೈ, ಈ ನಾಲ್ಕನ್ನು ಅನುಮಾನಿಸಿ. ಅಡ್ಡಕ್ಕೆ ಹರಡಿದ್ದರೆ ಗ್ರಿಪ್, ಹೆದೆ ಕಾಣುವ ಜಾಗ, ಬಿಲ್ಲು ಓರೆಯಾಗುವುದು, ಹೊರಕ್ಕೆ ಚಿಮ್ಮುವ ಕೈ. ‘ಸರ್, ಒಂದು ಬಾಣ ಮಾತ್ರ ಯಾವಾಗಲೂ ಎಡಕ್ಕೇ ಹೋಗುತ್ತೆ’ ಅಂತ ಮಕ್ಕಳು ಹೇಳುತ್ತಾರೆ. ಅದಕ್ಕೇ ಬಾಣಗಳಿಗೆ ಮಾರ್ಕರ್‌ನಲ್ಲಿ ನಂಬರ್ ಬರೆಯಿರಿ. ನಾಲ್ಕು ಸುತ್ತಿನಲ್ಲೂ ಅದೇ ನಂಬರ್ ಹೊರಗೆ ಬಿದ್ದರೆ ತಪ್ಪು ನಿಮ್ಮದಲ್ಲ, ಬಾಣದ್ದು. ನಾಕ್ ಬದಲಿಸಿ, ರೆಕ್ಕೆ ನೋಡಿ, ಸೀಳು ಬಿಟ್ಟಿದ್ದರೆ ಎಸೆಯಿರಿ.

ಮೊಬೈಲಿನ ಸ್ಲೋ ಮೋಷನ್ ಈ ಕೆಲಸಕ್ಕೆ ತುಂಬ ಸಹಾಯ. ನಿಮ್ಮ ಬೆನ್ನ ಹಿಂದಿನಿಂದ ಒಂದು, ಎದುರಿನ ಪಕ್ಕದಿಂದ ಒಂದು ವಿಡಿಯೊ ತೆಗೆಸಿ. ಬಾಣ ಬಿಡುವವರ ಮುಂದೆ ಯಾರೂ ನಿಲ್ಲಬಾರದು, ವಿಡಿಯೊ ಸಲುವಾಗಿಯೂ ಕೂಡದು.

ಬಿಲ್ಲಿನ ಅಳತೆಗಳು

ಇದಕ್ಕೆ ಜಾಸ್ತಿ ಹೊತ್ತು ಕೊಡಬೇಡಿ, ಆದರೆ ಮರೆಯಲೂಬೇಡಿ. ಹೆದೆ ಏರಿಸಿದ ಮೇಲೆ ಗ್ರಿಪ್‌ನಿಂದ ಹೆದೆಗೆ ಇರುವ ದೂರವನ್ನು ಪ್ರತಿ ದಿನ ಅಳೆಯಿರಿ. 68 ಇಂಚಿನ ಬಿಲ್ಲಿಗೆ ಸಾಮಾನ್ಯವಾಗಿ ಎಂಟೂವರೆಯಿಂದ ಒಂಬತ್ತು ಇಂಚು ಚಿಲ್ಲರೆ. ಹೊಸ ಹೆದೆ ಹಿಗ್ಗುತ್ತದೆ, ದೂರ ಇಳಿಯುತ್ತದೆ, ಹೆದೆಗೆ ನಾಲ್ಕು ಸುತ್ತು ಹೆಚ್ಚು ತಿರುಚಿದರೆ ಮತ್ತೆ ಏರುತ್ತದೆ. ಗುಂಪು ಒಂದು ಮಟ್ಟಕ್ಕೆ ಬಂದ ಮೇಲೆ 18 ಮೀಟರಿನಲ್ಲಿ ರೆಕ್ಕೆ ಇರುವ ಮೂರು, ರೆಕ್ಕೆ ಇಲ್ಲದ ಎರಡು ಬಾಣ ಬಿಟ್ಟು ನೋಡಿ. ರೆಕ್ಕೆ ಇಲ್ಲದ್ದು ಗುಂಪಿನ ಎಡಕ್ಕೆ ಬಿದ್ದರೆ ಬಾಣ ನಿಮ್ಮ ಬಿಲ್ಲಿಗೆ ಗಡಸು, ಬಲಕ್ಕೆ ಬಿದ್ದರೆ ಮೆದು. ಗುಂಪಿಗಿಂತ ಮೇಲೆ ಬಿದ್ದರೆ ನಾಕಿಂಗ್ ಪಾಯಿಂಟ್ (ಹೆದೆಯ ಮೇಲೆ ಬಾಣ ಹೂಡುವ ಗುರುತು) ಸ್ವಲ್ಪ ಏರಿಸಿ, ಕೆಳಗೆ ಬಿದ್ದರೆ ಇಳಿಸಿ. ಗುಂಪೇ ಕಟ್ಟದವರು ಈ ಪರೀಕ್ಷೆ ಮಾಡಿದರೆ ದಿನಕ್ಕೊಂದು ಉತ್ತರ ಬರುತ್ತದೆ.

ವಾರದ ಅಭ್ಯಾಸ

ಭಾನುವಾರ ಒಂದೇ ದಿನ ಇನ್ನೂರು ಬಾಣ ಬಿಡುವುದಕ್ಕಿಂತ ವಾರದಲ್ಲಿ ನಾಲ್ಕು ದಿನ ಅರವತ್ತು ಬಿಡುವುದು ಮೇಲು. ದಣಿದ ಮೈ ತಪ್ಪನ್ನೇ ಅಭ್ಯಾಸ ಮಾಡುತ್ತದೆ. ಪ್ರತಿ ದಿನವೂ ಮೊದಲ ಇಪ್ಪತ್ತು ಬಾಣ ಹತ್ತಿರದಿಂದ, ಹಾಳೆ ಇಲ್ಲದೆ. ವಾರದಲ್ಲಿ ಒಂದು ದಿನ ಮಾತ್ರ ಅಂಕ ಬರೆಯಿರಿ. ಬಿಲ್ಲು ಮುಟ್ಟದ ದಿನ ಹಳೆಯ ಸೈಕಲ್ ಟ್ಯೂಬನ್ನು ಅದೇ ಕ್ರಮದಲ್ಲಿ ಎಳೆದು ಹಿಡಿಯಿರಿ. ಖಾಲಿ ಬಿಲ್ಲನ್ನು, ಬಾಣವಿಲ್ಲದೆ, ಎಂದೂ ಬಿಡಬೇಡಿ. ಆ ಏಟಿಗೆ ಲಿಂಬ್ ಸೀಳುತ್ತದೆ.

ಒಂದು ನೋಟ್‌ಬುಕ್ ಇರಲಿ. ದಿನಾಂಕ, ದೂರ, ಸೈಟ್ ಸಂಖ್ಯೆ, ಗಾಳಿ, ಅವತ್ತು ಗಮನ ಕೊಟ್ಟ ಒಂದು ವಿಷಯ. ಬದಲಾವಣೆ ಮಾಡಿದರೆ ಒಂದೇ ಒಂದು ಮಾಡಿ, ಒಂದು ವಾರ ಕೊಡಿ. ಟ್ಯಾಬ್ (ಬೆರಳಿಗೆ ಹಾಕುವ ಕವಚ), ಆಂಕರ್, ಸ್ಟೆಬಿಲೈಜರ್ (ಬಿಲ್ಲು ಅಲುಗದಂತೆ ಹಾಕುವ ಕೋಲು) ಎಲ್ಲ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ತಿಳಿಯದು.

ಆಷಾಢದ ಗಾಳಿ

ತುಮಕೂರಿನ ಬಯಲಲ್ಲಿ ಜೂನ್, ಜುಲೈ ಬಂದರೆ ಗಾಳಿ ನಿಲ್ಲುವುದಿಲ್ಲ. ಪಾವಗಡ, ಶಿರಾ ಕಡೆಯ ತೆರೆದ ಮೈದಾನದಲ್ಲಿ ಇನ್ನೂ ಜೋರು. ಗಾಳಿ ಬಾಣವನ್ನು ಸರಿಸುವುದಕ್ಕಿಂತ ಹೆಚ್ಚಾಗಿ ನಿಮ್ಮನ್ನು ಅವಸರ ಪಡಿಸುತ್ತದೆ. ಗಾಳಿ ಬಡಿಯುವಾಗ ಸೈಟ್ ಓಡಾಡುತ್ತದೆ, ಹಳದಿಗೆ ಬಂದ ಕ್ಷಣ ಬಿಟ್ಟುಬಿಡುತ್ತೀರಿ. ಹಾಗೆ ಮಾಡಬೇಡಿ. ಮೊದಲ ಸುತ್ತು ನಡುವಿಗೇ ಹಿಡಿದು ಬಿಡಿ, ಗುಂಪು ಎಷ್ಟು ಸರಿದಿದೆ ನೋಡಿ, ಮುಂದಿನ ಸುತ್ತು ಅಷ್ಟೇ ದೂರ ಗಾಳಿ ಬರುವ ಕಡೆಗೆ ಹಿಡಿಯಿರಿ. ಎಳೆದ ಮೇಲೆ ಎಂಟು ಹತ್ತು ಸೆಕೆಂಡ್ ಆದರೂ ಬಾಣ ಹೊರಡಲಿಲ್ಲ ಅಂದರೆ ಇಳಿಸಿ, ಉಸಿರು ಬಿಟ್ಟು ಮತ್ತೆ ಶುರು ಮಾಡಿ. ವೈಯಕ್ತಿಕ ಪಂದ್ಯಗಳಲ್ಲಿ ಒಬ್ಬರ ನಂತರ ಒಬ್ಬರು ಬಿಡುವಾಗ ಒಂದು ಬಾಣಕ್ಕೆ 20 ಸೆಕೆಂಡ್ ಮಾತ್ರ. ಅಷ್ಟರೊಳಗೆ ನಿಮ್ಮ ಪೂರ್ತಿ ಕ್ರಮ ಮುಗಿಯುತ್ತದೆಯೇ ಅಂತ ಅಭ್ಯಾಸದಲ್ಲೇ ಗಡಿಯಾರ ಇಟ್ಟು ನೋಡಿಕೊಳ್ಳಿ.

ಕೆಲವರಿಗೆ ಸೈಟ್ ಹಳದಿಗೆ ಬಂದ ಕೂಡಲೇ ಬೆರಳು ತಾನೇ ಬಿಟ್ಟುಬಿಡುತ್ತದೆ. ಇದು ಹೆದರಿಕೆಯೂ ಅಲ್ಲ, ಅಶಿಸ್ತೂ ಅಲ್ಲ. ಅವರನ್ನು ಬೈಯಬೇಡಿ. ಬಿಲ್ಲಿನ ಪೌಂಡ್ ಇಳಿಸಿ, ಹಾಳೆ ತೆಗೆದು, ಹತ್ತಿರ ನಿಲ್ಲಿಸಿ. ಆಮೇಲೆ ಹಾಳೆ ಹಾಕಿ, ಎಳೆದು ಗುರಿ ಹಿಡಿದು ಬಾಣ ಬಿಡದೆ ಇಳಿಸುವುದನ್ನು ಹೆಚ್ಚು ಮಾಡಿಸಿ. ಹಳದಿ ಕಂಡರೂ ಬಿಡಬೇಕಾಗಿಲ್ಲ ಅಂತ ಮೈಗೆ ಗೊತ್ತಾಗಲು ವಾರಗಳೇ ಬೇಕು.

ಅಭ್ಯಾಸ ಮುಗಿದ ಮೇಲೆ

ಬಾಣ ಕೀಳಲು ಓಡಬೇಡಿ, ನಾಕ್ ಕಣ್ಣಿಗೆ ಚುಚ್ಚುತ್ತದೆ. ಕೀಳುವಾಗ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಳ್ಳಿ. ಹೆದೆ ಇಳಿಸಿ, ಬಿಲ್ಲನ್ನು ಒರೆಸಿ ಚೀಲಕ್ಕೆ ಹಾಕಿ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಲಿಂಬ್‌ನ ಪದರಗಳು ಬಿಡುತ್ತವೆ. ಕಾರ್ಬನ್ ಬಾಣಗಳನ್ನು ಒಂದೊಂದಾಗಿ ಮೆಲ್ಲಗೆ ಬಾಗಿಸಿ, ಕಿವಿ ಹತ್ತಿರ ಹಿಡಿದು ಕೇಳಿ. ಚಿಟ್ ಅಂದರೆ ಆ ಬಾಣ ಮತ್ತೆ ಬಿಲ್ಲಿಗೆ ಏರಬಾರದು. ಟಾರ್ಗೆಟ್ ತಪ್ಪಿದ ಬಾಣ ಪಕ್ಕದ ರಾಗಿ ಹೊಲಕ್ಕೆ ಹೋಗಿದ್ದರೆ ಕತ್ತಲಾಗುವ ಮೊದಲು ಹುಡುಕಿ. ಮುರಿದ ಕಾರ್ಬನ್‌ನ ಚೂರು ಸೂಜಿಯಂತೆ ಇರುತ್ತದೆ, ಹುಲ್ಲಿನ ಜೊತೆ ಹಸುವಿನ ಹೊಟ್ಟೆಗೆ ಹೋಗಬಹುದು. ಸಿಗಲಿಲ್ಲ ಅಂದರೆ ಬಿದ್ದ ಜಾಗ ತೋರಿಸಿ ಹೊಲದವರಿಗೆ ಹೇಳಿ, ಮರುದಿನ ಬೆಳಿಗ್ಗೆ ಬಂದು ಮತ್ತೆ ಹುಡುಕಿ.